ಹದಿನೈದು ಸೆಕೆಂಡ್ ಅಲ್ಲಾಡಬ್ಯಾಡ್ರಿ

ದಿನಾ ನಾ ಮಂದಿಗೆ ಕೇಳ್ಕೊಳ್ಳೂದು ಒಂದ ಮಾತು. "ಹಲೂ ನಕಾ, ಹದಿನೈದು ಸೆಕೆಂಡ್ ಅಲ್ಲಾಡಬ್ಯಾಡ್ರಿ." ಒಂದಿಷ್ಟು ಮರಾಠಿ, ಒಂದಿಷ್ಟು ಕನ್ನಡ. ಸೊಲ್ಲಾಪುರದಾಗ ಎರಡೂ ಹೇಳಿದ್ರ ಮನಷ್ಯಾ ಖಾತ್ರಿಲೆ ಸುಮ್ಮ ಕುಂದ್ರತಾನ ಅಂತ ನಾ ತಿಳಕೊಂಡಿದ್ದೆ. ಈ ಕೆಲಸಕ್ಕ ಬಂದು ಭಾಳ ವರ್ಷಾತು. ಸುಮ್ಮ ಕುಂದರ್ರಿ ಅಂದಕೂಡ್ಲೆ ಮಂದಿ ಏನರೆ ಒಂದು ಮಾಡೇ ಮಾಡ್ತಾರ, ವಾರಕ್ಕೊಂದು ತಪ್ಪಂಗಿಲ್ಲ.

ನನ್ನ ಕೆಲಸ ಏನಂದ್ರ ಹಲ್ಲು-ದವಡಿ ಸ್ಕ್ಯಾನ್ ಮಾಡೂದು. ಪೇಶಂಟನ್ನ ಕುಂದ್ರಸಿ, ಗದ್ದಾ ಒಂದು ಪಟ್ಟಿ ಮ್ಯಾಲ ಇಡಸಿ, ಮುಂದಿನ ಹಲ್ಲಿನಾಗ ಒಂದು ಸಣ್ಣ ಕಡ್ಡಿ ಕಚ್ಚಸಿ, ಎರಡೂ ಕೈಲೆ ಹಿಡಿಕಿ ಹಿಡಸಿ, ನಾ ದಪ್ಪ ಗಾಜಿನ ಈಚೆ ಬಂದು ಬಟನ್ ಒತ್ತಿ ಹಿಡೀತೀನಿ. ಮಷೀನಿನ ತೋಳು ತಲಿ ಸುತ್ತ ಮೆತ್ತಗ ಒಂದು ಸುತ್ತು ಬರ್ತದ. ಆಮ್ಯಾಗ ಕಂಪ್ಯೂಟರಿನಾಗ ದವಡಿ ಮೂಡತದ. ಸಾದಾ ಎಕ್ಸ್‌ರೇದಂಗ ಚಪ್ಪಟಿ ಅಲ್ಲ. ಕೈಯಾಗ ಹಿಡದು ತಿರುವಿದಂಗ ಎಲ್ಲಾ ಬಾಜೂಲೆ ಕಾಣ್ತದ.

ಅದು ಮೂಡೂದು ನೋಡೂದಂದ್ರ ನನಗ ಹುಚ್ಚು. ಮಧ್ಯಾಹ್ನದಾಗೂ ನನ್ನ ಖೋಲಿ ಅರ್ಧ ಕತ್ತಲ. ಏಸಿ ಗುಂಯ್ ಅಂತಿರ್ತದ, ಗ್ವಾಡಿ ಆಚೆ ಟವೆಲ್ ನೇಯೂ ಮಗ್ಗ ಖಟಾಖಟ್ ಖಟಾಖಟ್ ಅಂತಿರ್ತಾವ, ಪಡದೆ ಮ್ಯಾಲ ಯಾರದೋ ದವಡಿ ಬೆಳ್ಳಗ, ಮೆಲ್ಲಕ, ತೇಲಿಕೋಂತ ಬರ್ತದ. ಅದನ್ನ ತಿರುವಿಕೋಂತ ಕುಂತ್ರ ನಾ ಎಲ್ಲಿರ್ತೀನೋ ನನಗ ಗೊತ್ತಿರಂಗಿಲ್ಲ. ಹಲ್ಲಿನ ಡಾಕ್ಟರ್ ಸಾಹೇಬ್ರು ಬಾಗಲಾಗ ನಿಂತು "ಬಾಯಾರ, ಊರಾಗ ಇದ್ದೀರೋ ಇಲ್ಲೋ?" ಅಂತಾರ. ಇರಂಗಿಲ್ಲ, ಖರೇ ಹೇಳ್ತೀನಿ. ಒಂದು ಸೋಜಿಗ ಏನಂದ್ರ, ಆ ಫೋಟೋದಾಗ ಎಲ್ಲಾರೂ ನಗ್ತಿರ್ತಾರ. ಹೊರಗ ಮಾರಿ ಗಂಟ ಹಾಕ್ಕೊಂಡು ಕುಂತಾವಂದೂ ಒಳಗಿನ ಎಲಬು ಹಲ್ಲು ಕಿಸದು ನಗ್ತಿರ್ತದ.

ಒಂದು ಸುತ್ತು

ಭಂಡಾರಕವಠೆ ಕಡಿಂದ ಒಬ್ಬ ಮುತ್ಯಾ ಬಂದಿದ್ದ. ಬಿಳೇ ಧೋತರ, ದೊಡ್ಡ ರುಮಾಲು. ರುಮಾಲು ತಗಸಿ ಕುಂದ್ರಸಿದೆ. ಕಲ್ಲ ಕುಂತಂಗ ಕುಂತ. ಕಣ್ಣ ರೆಪ್ಪಿ ಸೈತ ಬಡೀಲಿಲ್ಲ. ಇಂಥಾ ಪೇಶಂಟ್ ದಿನಾ ಬರಬಾರದೇನು ಅಂತ ಖುಷಿಲೆ ಒಳಗ ಹೋಗಿ "ಆತು ಮುತ್ಯಾ, ಏಳ್ರಿ" ಅಂದೆ.

ಎದ್ದ. ರುಮಾಲು ಸುತ್ತಕೊಂಡ. ಬಾಗಲಾ ಬಿಟ್ಟು ಮಷೀನಿನ ಎಡಕ್ಕ ಹೊಂಟ.

"ದಾರಿ ಇಲ್ಲಿ ಅದ ಮುತ್ಯಾ."

"ಗೊತ್ತದ ತಂಗಿ. ಅಷ್ಟ ದೊಡ್ಡದು ನನಗ ಒಂದು ಸುತ್ತು ಹಾಕ್ತು. ನಾ ಹಂಗ ಎದ್ದ ಹೋದ್ರ ಚಲೋ ಕಾಣ್ತದೇನು?"

ಮಷೀನ್ ಹಿಂದ ಗ್ವಾಡಿ ಅದ. ನಡುವ ಒಂದು ಮೊಳ ಜಾಗಾ. ನಾ ಬ್ಯಾಡ ಅನ್ನೂದ್ರೊಳಗ ಮುತ್ಯಾ ಅದರಾಗ ಹೊಕ್ಕ. ಅರ್ಧಕ್ಕ ಹೋಗಿ ಸಿಕ್ಕೊಂಡ. "ಹೊಳ್ಳಿ ಬರ್ರಿ" ಅಂದ್ರ, "ಸುತ್ತು ಅರ್ಧಾ ಬಿಡಬಾರದು, ಮಷೀನ್ ಸರಸ್ರಿ" ಅಂತಾನ. ಅದು ನೆಲಕ್ಕ ಬೋಲ್ಟ್ ಹಾಕಿದ ಮಷೀನ್. ಸಾಹೇಬ್ರು ಆ ಕಡೆ ನಿಂತು ಕೈ ಎಳೀತಾರ, ನಾ ಈ ಕಡೆಯಿಂದ ರುಮಾಲು ಬಿಚ್ಚಿ ಜಾಗಾ ಮಾಡ್ತೀನಿ, ಮುತ್ಯಾ ನಡುವ ಕಲ್ಲಿನಂಗ ನಿಂತಾನ. ಯಾಕ ಹಿಂಗ ನಿಂತೀರಿ ಅಂದ್ರ, ನೀನ ಹೇಳಿದೆಲ್ಲ ತಂಗಿ ಅಂದ. ಇಷ್ಟು ವರ್ಷದ ನೌಕರಿಯಾಗ ಅವತ್ತೊಂದ ದಿನ ನಾ "ಅಲ್ಲಾಡ್ರಿ ಮುತ್ಯಾ, ಕೈ ಮುಗೀತೀನಿ, ಅಲ್ಲಾಡ್ರಿ!" ಅಂತ ಒದರಿದ್ದು.

ಅರಿಷಿಣದ ದಾರ

ಸ್ಕ್ಯಾನಿಗೆ ಮೊದಲ ಕೊರಳಾಗಿಂದು, ಕಿವ್ಯಾಗಿಂದು ಎಲ್ಲಾ ತಗೀಬೇಕಾಗ್ತದ. ಲೋಹ ಇದ್ರ ಫೋಟೋದಾಗ ಬಿಳೇ ಗೆರಿ ಬಿದ್ದು ಕೆಡ್ತದ. ಬೆಂಡೋಲಿ, ನತ್ತು ಎಲ್ಲಾ ಸುಮ್ಮ ಬಿಚ್ಚಿ ಕೊಡ್ತಾರ. ಮಂಗಳಸೂತ್ರ ಅಂದಕೂಡ್ಲೆ ಹೆಣ್ಣಮಕ್ಕಳು ಎದ್ದ ನಿಂದರ್ತಾರ. ಅದಕ್ಕ ನಾ ಮೇಜಿನ ಡ್ರಾದಾಗ ಅರಿಷಿಣ ಹಚ್ಚಿದ ದಾರ, ಅರಿಷಿಣ ಕೊಂಬು ಇಟ್ಟಿರ್ತೀನಿ. ಅದನ್ನ ಕಟಗೊಂಡ್ರ ಇದನ್ನ ತಗ್ಯಾಕ ಅಡ್ಡಿಯಿಲ್ಲ. ನನ್ನ ಡಿಪ್ಲೊಮಾದಾಗ ಇದನ್ನ ಯಾರೂ ಕಲಸಿದ್ದಿಲ್ಲ.

ಟವೆಲ್ ವ್ಯಾಪಾರಿ ಮನಿ ಸವಕಾರ್ತಿ ಒಬ್ಬಾಕಿ ಬಂದಿದ್ಲು. ದಾರ ತೋರಿಸಿದೆ. "ನೀವ್ ಕಟ್ಟಿದ್ರ ಹ್ಯಾಂಗ ನಡೀತದರಿ? ಕಟ್ಟೂವರು ಕಟ್ಟಬೇಕು" ಅಂದ್ಲು. ಫೋನ್ ಹೋತು. ಗಂಡ ಅಂಗಡಿ ಬಿಟ್ಟು ಓಡಿ ಬಂದ, ಕೊರಳಾಗ ಅಳತಿ ಟೇಪ್ ಹಂಗ ಇತ್ತು. ಅಲ್ಲೇ, ಎಲ್ಲಾ ಪೇಶಂಟ್ ಕುಂತ ಹಾಲಿನಾಗ, ದಾರ ಕಟ್ಟಿದ. ಮೂಲ್ಯಾಗ ಅಕ್ಕಲಕೋಟದಿಂದ ಬಂದ ಒಬ್ಬಾಕಿ ಆಯಿ ಮೊಮ್ಮಗಳ ಜೋಡಿ ಕುಂತಿದ್ಲು. ಗುಡಿಗೆ ಒಯ್ಯಾಕ ತಂದ ಅಕ್ಕಿ ಪುಡಿಕಿ ಬಿಚ್ಚಿ, ಇಬ್ಬರ ಮ್ಯಾಲೂ ಹಿಡಿ ಹಿಡಿ ಒಗದ್ಲು. ಎಲ್ಲಾರೂ ಚಪ್ಪಾಳಿ ಹೊಡದ್ರು. ಸವಕಾರ್ತಿ ನಾಚಿ ನೀರಾದ್ಲು.

ಸ್ಕ್ಯಾನ್ ಮುಗೀತು. ಮಂಗಳಸೂತ್ರ ಕೊರಳಿಗೆ ಬಂತು. ದಾರ ಬಿಚ್ಚಾಕ ಹೋದ್ರ ಬಿಚ್ಚವಲ್ದು! ಆ ಮನಷ್ಯಾ ಕೈಗೆ ರೂಢಿ ಇದ್ದ ಗಂಟ ಹಾಕಿಬಿಟ್ಟಿದ್ದ. ಟವೆಲ್ ಮೂಟಿಗೆ ಹಾಕೂವಂಥಾದ್ದು, ಲಾರಿಯಾಗ ಎಷ್ಟ ದೂರ ಹೋದ್ರೂ ಸಡಲ ಆಗಬಾರದು ಅಂತ. ನಾ ಕತ್ತರಿ ತಂದೆ. "ಬಾಯಾರ! ತಾಳಿಗೆ ಕತ್ತರಿ ಹಚ್ತೀರೇನು?" ಅಂತ ಹಾಲಿನಾಗಿನ ಮಂದಿ ನನ್ನ ಮ್ಯಾಲ ಬಿದ್ರು. ಎರಡೂ ಹಾಕ್ಕೊಂಡ ಮನಿಗೆ ಹೋದ್ಲು.

ವಾರ ಬಿಟ್ಟು ರಿಪೋರ್ಟ್ ಒಯ್ಯಾಕ ಬಂದಾಗೂ ದಾರ ಹಂಗ ಇತ್ತು. "ಇನ್ನೂ ಬಿಚ್ಚಿಲ್ಲೇನ್ರಿ?" ಅಂದೆ. ಆಕಿ ದಾರ ಮುಟ್ಟಿ ನೋಡಿಕೊಂಡು, "ಇಷ್ಟ ವರ್ಷದಾಗ ಇವ್ರು ನನಗಂತ ಇಷ್ಟ ಗಟ್ಟಿ ಏನೂ ಮಾಡಿದ್ದಿಲ್ರಿ, ಇರ್ಲಿ ಬಿಡ್ರಿ" ಅಂದ್ಲು.

ದೃಷ್ಟಿ

ಅಕ್ಕಿ ಒಗದ ಆಯಿ ಕಥಿ ಬ್ಯಾರೆ. ಅಕ್ಕಲಕೋಟ ಕಡೆ ಹೊಲಾ-ಮನಿ ಇದ್ದ ಮನಿತನದಾಕಿ. ಟೊಂಕದಾಗ ಚಾವಿ ಗೊಂಚಲ, ಬಾಯಾಗ ಸದಾ ಎಲಿ-ಅಡಕಿ. ಬಾಯಾಗ ಉಳದ ಹಲ್ಲು ನಾಕು. ಮೊಮ್ಮಗಳು ಆರನೇ ಇಯತ್ತಾದಾಗ ಓದ್ತಿದ್ಲು. ಆ ಹುಡುಗಿ ಮಾತಾಡಿದ್ರೂ ಬಾಯಿ ಮುಂದ ಕೈ, ನಕ್ರೂ ಕೈ. ಕೆಳಗಿನ ಹಲ್ಲು ಒಂದರ ಹಿಂದೊಂದು ಅಡಕೊಂಡು ನಿಂತಿದ್ದು. ಸಾಲ್ಯಾಗ ಯಾರೋ ಆಡಿಕೊಂಡಿದ್ರಂತ, ಅವತ್ತಿಂದ ಕೈ ಕೆಳಗ ಇಳದಿಲ್ಲ. ಆಯಿ ನನಗ ಮೆಲ್ಲಕ ಹೇಳಿದ್ಲು: "ತಂಗಿ, ಎರಡ ವರ್ಷಾತು ನಾ ಇದರ ನಗು ನೋಡಿಲ್ಲ. ಮುಂಗೈ ಅಷ್ಟ ನೋಡೀನಿ."



ಹುಡುಗಿ ಸ್ಕ್ಯಾನ್ ಮಾಡಿದೆ. ಪಡದೆ ಮ್ಯಾಲ ದವಡಿ ಬಂತು, ಹಲ್ಲು ಬಂದು, ಗಲ್ಲದ ಎಲಬು ಬಂತು. ಆಯಿ ನನ್ನ ಹೆಗಲ ಮ್ಯಾಲಿಂದ ಹಣಿಕಿ ನೋಡಿ ಚೀರಿದ್ಲು. "ಅಯ್ಯ ಶಿವನೇ! ಬದುಕಿದ ಕೂಸಿನ ಬುರುಡಿ ತಗದ್ರಲ್ಲೋ!" ಬುತ್ತಿ ಗಂಟಿನಾಗಿನ ಉಪ್ಪು, ಒಣ ಮೆಣಸಿನಕಾಯಿ ಮುಟಗಿ ಹಿಡದು ಕಂಪ್ಯೂಟರಿಗೆ ಮೂರು ಸಲ ನಿವಾಳಿಸಿದ್ಲು. ಸಾಹೇಬ್ರು ಬಂದು ನೋಡಿದ್ರು. ಸಿಟ್ಟಿಗೇಳ್ತಾರ ಅಂದ್ರ, ನಕ್ಕು, "ಆಯೀ, ಹಂಗ ಈ ನಮ್ಮ ಬಾಯಾರದೂ ಒಮ್ಮೆ ದೃಷ್ಟಿ ತಗೀರಿ. ದಿನಾ ಇವರ ಖಬರ್ ಎಲ್ಲೋ ಇರ್ತದ" ಅಂದ್ರು.

ಆಯಿ ನನಗೂ ಮೂರು ಸಲ ಇಳಿಸಿದ್ಲು. ನನ್ನ ಮಾರಿ ದಿಟ್ಟಿಸಿ ನೋಡಿದ್ಲು. "ಈಕಿಗೆ ದೃಷ್ಟಿ ಆಗಿಲ್ರಿ ಸಾಹೇಬ್ರ, ಈಕಿ ಹುಟ್ಟಿದ್ದ ಹಿಂಗ."

ಆಮ್ಯಾಗ ಸಾಹೇಬ್ರು ಕುಂದ್ರಸಿ ತಿಳಿಸಿ ಹೇಳಿದ್ರು. ಕೆಳಗಿನ ದವಡಿ ಸಣ್ಣದು, ಹಲ್ಲಿಗೆ ಜಾಗಾ ಸಾಲವಲ್ದು. ಒಂದು ದಾರಿ, ಎರಡ ಹಲ್ಲು ಕಿತ್ತು ಜಾಗಾ ಮಾಡೂದು. ಇನ್ನೊಂದು, ದವಡಿ ಸಾಲು ಅಗಲ ಮಾಡೂದು. ನಾಲಿಗಿ ಬಾಜೂಕ ಕುಂದ್ರೂ ಒಂದು ಪ್ಲೇಟ್, ನಡುವ ಒಂದು ಸ್ಕ್ರೂ. ವಾರಕ್ಕೊಮ್ಮೆ ಸಣ್ಣ ಚಾವಿಲೆ ಒಂದು ತಿರುವು ಕೊಟ್ರ ಕೂದಲೆಳಿಯಷ್ಟು ಅಗಲ ಆಗ್ತದ. "ಆದ್ರ ಒಂದು ಪೇಚು ಅದ ಆಯಿ. ಹಲ್ಲಷ್ಟ ಹೊರಗ ವಾಲಿ ಎಲಬು ಬಿಟ್ಟು ಬಂದ್ರ ಅದು ಅಗಲ ಆದಂಗಲ್ಲ. ಎಂಟ ತಿಂಗಳಿಗೆ ಇನ್ನೊಮ್ಮೆ ಇದೇ ಸ್ಕ್ಯಾನ್ ಮಾಡಿ ಬೇರು ಎಲಬಿನಾಗ ಅದೋ ಇಲ್ಲೋ ನೋಡ್ತೀನಿ. ಇದ್ರ ಚಲೋ. ಇಲ್ಲಂದ್ರ ಎರಡ ಹಲ್ಲು ಕೀಳೂದ."

ಕೀಳೂದು ಅಂದಕೂಡ್ಲೆ ಹುಡುಗಿ ಕಣ್ಣಾಗ ನೀರು. ಆಯಿ ಚಾವಿ ಇಸಗೊಂಡ್ಲು. ಗೊಂಚಲಿಗೆ ಪೋಣಿಸಿದ್ಲು, ಅಲಮಾರಿ ಚಾವಿ ಮತ್ತ ಜ್ವಾಳದ ಖೋಲಿ ಚಾವಿ ನಡುವ. "ನನ್ನ ಕೈಯಾಗಿನ ಚಾವಿ ಇಲ್ಲೀತನಕ ತಪ್ಪಿಲ್ಲ" ಅಂದ್ಲು.

ಊಟದ ಟೈಮ್

ಎರಡ ತಿಂಗಳಿಗೆ ತಪಾಸಣಿಗೆ ಬಂದ್ರು. ಹುಡುಗಿ ಗಲ್ಲ ತುಂಬಿಕೊಂಡು ಚೆಂದ ಆಗಿದ್ಲು. ಸಾಹೇಬ್ರು ಬಾಯಿ ತೆಗಸಿ ನೋಡಿದ್ರ ಪ್ಲೇಟ್ ಅಗಲ ಆಗ್ಯದ, ಹಲ್ಲು ಇದ್ದಲ್ಲೇ ಅವ. ಪ್ಲೇಟ್ ಒಳಗ ಕುಂದ್ರವಲ್ದು.

"ಇದನ್ನ ಹಾಕ್ಕೊಳ್ಳೂದಿಲ್ಲೇನು?"

ಹುಡುಗಿ ಕೈ ಅಡ್ಡ ಹಿಡದು, "ಹಾಕ್ಕೋತೀನ್ರಿ. ನೀವ್ ಹೇಳಿದಂಗ ಊಟಕ್ಕಷ್ಟ ತಗೀತೀನಿ" ಅಂದ್ಲು.

"ದಿನಕ್ಕ ಎಷ್ಟ ಊಟ?"

ಅದಕ್ಕ ಆಯಿ ಉತ್ರ ಕೊಟ್ಲು. ಮುಂಜಾನೆದ್ದು ಹಾಲು-ಖಾರಿ ಬಿಸ್ಕೀಟು. ಆಮ್ಯಾಗ ಕಡಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸಾಲಿಗೆ ಡಬ್ಬಿ ಎರಡು. ಬಂದಕೂಡ್ಲೆ ಉಂಡಿ. ದೀಪ ಹಚ್ಚೂದ್ರೊಳಗ ಚುರಮರಿ ಸುಸಲಾ. ಆಮ್ಯಾಗ ಊಟ. ಊಟ ಆದಮ್ಯಾಗ ಕೈಯಾಗ ಒಂದೀಟು ಪುಟಾಣಿ-ಬೆಲ್ಲ.

"ಆಯೀ! ಯಾಕ ಇಷ್ಟು?"

"ಸಾಹೇಬ್ರ, ಮನಿ ಅಗಲ ಮಾಡಬೇಕಂದ್ರ ಕಲ್ಲು-ಮಣ್ಣು ಬೇಕೋ ಬ್ಯಾಡೋ? ಎಲಬು ಗಾಳೀಲೆ ಅಗಲ ಆಗ್ತದೇನು?"

ಸಾಹೇಬ್ರು ಹಣಿಗೆ ಕೈ ಹಚ್ಚಿದ್ರು. "ಅಲ್ಲ, ಹಂಗಾದ್ರ ಪ್ಲೇಟ್ ಹಾಕ್ಕೊಳ್ಳೂದು ಯಾವಾಗ?"

"ಕೈ ತೊಳಕೊಳ್ಳಾಕ ಹೋದಾಗ ಹಾಕ್ಕೋತದಲ್ರಿ."

ಸ್ಕ್ರೂ ಹಿಂದಕ್ಕ ತಿರುವಿ ಮತ್ತ ಮೊದಲಿಂದ ಸುರು. ಎರಡ ತಿಂಗಳು ನೀರಾಗ ಹೋಮ. ಆಯಿ ಮಾರಿ ಸಣ್ಣದಾತು. ಅವತ್ತ ಬಾಗಲಾಗ ನಿಂತು ಬಾಯಾಗಿನ ಎಲಿ ಉಗುಳಿ ಬಂದ್ಲು. "ಇನ್ ಮ್ಯಾಲ ಅದರ ಬಾಯಾಗ ಪ್ಲೇಟ್ ಇರೂತನಕ ನನ್ನ ಬಾಯಾಗೂ ಏನೂ ಇಲ್ಲ. ಎಲಿ-ಅಡಕಿನೂ ಇಲ್ಲ" ಅಂದ್ಲು. ನಾ ನಂಬಲಿಲ್ಲ. ಎಲಿ-ಅಡಕಿ ಬಿಟ್ಟ ಆಯಿ ನಾ ಕಂಡಿಲ್ಲ.

ಬಿಟ್ಲು. ಪ್ರತಿ ಸಲ ಬಂದಾಗ ಆಯಿ ತುಟಿ ಇನ್ನಷ್ಟು ಬೆಳ್ಳಗ ಕಾಣ್ತಿತ್ತು. ಮದವಿಗೆ ಹೋದ್ರೂ ಇಬ್ಬರೂ ಬರೇ ಬಾಯಿಲೆ ಕುಂದ್ರತಿದ್ರಂತ. ಬೀಗರು ಸಿಟ್ಟಿಗೆದ್ದು, ನಮ್ಮ ಮನಿ ಊಟ ನಿಮಗ ಸೇರೂದಿಲ್ಲೇನು ಅಂತ ಕೇಳಿದ್ರಂತ. ಆಯಿ ಹುಡುಗಿ ಬಾಯಿ ಕಡೆ ಬಟ್ಟು ಮಾಡಿ, "ಒಳಗ ಕಟ್ಟಡದ ಕೆಲಸಾ ನಡದದ" ಅಂದ್ಲಂತ.

ಕಡೀ ಸ್ಕ್ಯಾನ್

ಹೊಸದಾಗಿ ಎಣಿಸಿದ ಎಂಟ ತಿಂಗಳು ತುಂಬಿ ಎರಡನೇ ಸ್ಕ್ಯಾನ್ ಬಂತು. ಅವತ್ತ ಬಿಸಲು ಕಾದು ರಸ್ತಾ ಅಲ್ಲಾಡಿದಂಗ ಕಾಣ್ತಿತ್ತು. ಆಯಿ, ಮೊಮ್ಮಗಳು ಮುಂಜಾನಿ ಮೊದಲ ಬಸ್ಸಿಗೆ ಬಂದು ಕುಂತಿದ್ರು. ಒಳಗ ಕರಕೊಂಡು ಹೋಗೂವಾಗ ಹುಡುಗಿ ನನ್ನ ಸೆರಗ ಹಿಡದು, "ಮೌಶಿ, ಕೀಳ್ತಾರೇನು?" ಅಂತ ಕೇಳಿತು. ನನಗೇನ ಗೊತ್ತು? "ಸುಮ್ಮ ಕುಂದ್ರು, ಅಲ್ಲಾಡಬ್ಯಾಡ, ಅಷ್ಟ ಮಾಡು" ಅಂದೆ. ಗದ್ದಾ ಪಟ್ಟಿ ಮ್ಯಾಲ ಇಟ್ಟಿತು, ಕಡ್ಡಿ ಕಚ್ಚಿತು, ಎರಡೂ ಕೈಲೆ ಹಿಡಿಕಿ ಹಿಡೀತು.

ಆಯಿ ಹೊರಗ ಕುಂದ್ರೂದಿಲ್ಲ ಅಂದ್ಲು. ನನ್ನ ಬಾಜೂಕ, ಗಾಜಿನ ಈಚೆ ನಿಂದ್ರಸಿಕೊಂಡೆ. "ಅಲ್ಲಾಡಬ್ಯಾಡ" ಅಂತ ಮೈಕಿನಾಗ ಹುಡುಗಿಗೆ ಹೇಳಿ ಬಟನ್ ಒತ್ತಿದೆ. ತೋಳು ತಿರಗಾಕ ಹತ್ತಿತು. ಮಗ್ಗದ ಸಪ್ಪಳ, ಏಸಿ ಸಪ್ಪಳ. ನಾ ಎಂದಿನಂಗ ತೇಲಾಕ ಹತ್ತಿದೆ.

ಬಾಜೂಕ ಕಿಣಿ ಕಿಣಿ ಕಿಣಿ.

ನೋಡಿದ್ರ ಆಯಿ! ಗಾಜಿನ ಕೆಳಗಿನ ಕಟ್ಟಿಗಿ ಪಟ್ಟಿ ಮ್ಯಾಲ ಗದ್ದಾ ಇಟ್ಟಾಳ. ಎರಡೂ ಕೈಲೆ ಬಾಜೂಕಿನ ಬಟ್ಟಿ ಪರದೆ ದಾಂಡು ಬಿಗಿಹಿಡದಾಳ. ಹುಡುಗಿ ಕಡ್ಡಿ ಕಚ್ಚೇತಲ್ಲ, ಹಂಗ ಈಕೀನೂ ಇದ್ದ ನಾಕು ಹಲ್ಲಿನಾಗ ಚಾವಿ ಗೊಂಚಲ ಕಚ್ಚಿಕೊಂಡು, ಕಣ್ಣ ಅರಳಿಸಿ, ಉಸಿರ ಹಿಡದು ನಿಂತಾಳ. ಅಲ್ಲಾಡಬಾರದು ಅಂತ ಜೀವ ಬಿಗಿಹಿಡದಷ್ಟೂ ಗೊಂಚಲ ಥರಥರ ನಡಗಿ ಕಿಣಿ ಕಿಣಿ ಅಂತದ. ಜ್ವಾಳದ ಖೋಲಿ ಚಾವಿ ಗದ್ದಾಕ್ಕ ಬಡದು ಬಡದು ಓಲಾಡತದ.

ಗಾಜಿನಾಚೆ ಹುಡುಗಿ ಅದನ್ನ ನೋಡಿತು.

ಮೊದಲ ಹೆಗಲ ಕುಣೀತು. ಆಮ್ಯಾಗ ಕಡ್ಡಿ ಬಿತ್ತು. ಆಮ್ಯಾಗ ನಕ್ಕಿತು ನೋಡ್ರಿ! ಕೈ ಎರಡೂ ಹಿಡಿಕಿ ಮ್ಯಾಲ, ಬಿಡಬ್ಯಾಡ ಅಂತ ನಾನ ಹೇಳೀನಿ. ಮುಚ್ಚಾಕ ಕೈ ಇಲ್ಲ. ಬಾಯಿ ತುಂಬ, ಕಣ್ಣ ತುಂಬ, ಕುರ್ಚಿ ಅಲ್ಲಾಡೂಹಂಗ ನಕ್ಕಿತು.

ಬಟನ್ ಮ್ಯಾಲಿನ ಬಟ್ಟು ತಗದಿದ್ರ ಮಷೀನ್ ನಿಂದರ್ತಿತ್ತು. ಪೇಶಂಟ್ ಅಲ್ಲಾಡಿದ್ರ ತಗೀಬೇಕು, ಅದ ನನ್ನ ಕೆಲಸ. ನಾ ತಗೀಲಿಲ್ಲ. ಸುಳ್ಳ ಯಾಕ ಹೇಳ್ಲಿ, ಆ ನಗು ನೋಡಿಕೋಂತ ಮೈ ಮರತು ನಿಂತುಬಿಟ್ಟೆ. ಮಷೀನ್ ಪೂರಾ ಸುತ್ತು ಹಾಕಿ ತಾನ ನಿಂತಿತು.

ಪಡದೆ ಮ್ಯಾಲ ಫೋಟೋ ಬಂತು. ಎಲ್ಲಾ ಎರಡೆರಡು. ದವಡಿಗೆ ಜೋಡಿ ಅಂಚು, ಹಲ್ಲಿನ ಹಿಂದ ಹಲ್ಲು, ಮಂಜಿನಾಗ ನಿಂತಂಗ. ಆಯಿ ಬಾಯಾಗಿನ ಚಾವಿ ಉಗುಳಿ ಎದಿ ಬಡಕೊಂಡ್ಲು. "ಯವ್ವಾ! ಎರಡ ಕೀಳೂದು ಬ್ಯಾಡ ಅಂತ ಎಂಟ ತಿಂಗಳು ಎಲಿ ಬಿಟ್ಟೆ. ಈಗ ಹತ್ತ ಜಾಸ್ತಿ ಬಂದಾವಲ್ಲೋ!"

ಸಾಹೇಬ್ರು ನನಗ ಬೈದ ಬೈಗಳ ಇಲ್ಲಿ ಬರ್ಯಾಕ ಬರಂಗಿಲ್ಲ. ಕಿರಣದ ವಿಷಯ, ಕೂಸಿಗೆ ಸುಮ್ಮಸುಮ್ಮನ ಎರಡ ಸಲ ಹೊಡೀಬಾರದು. ಅವರು ಹೇಳಿದ್ದು ಖರೇ, ನಾ ತಲಿ ಬಗ್ಗಿಸಿ ನಿಂತೆ. ಕೆಳಗಿನ ದವಡಿ ಅಷ್ಟ, ಸಣ್ಣ ಅಳತಿಲೆ ಇನ್ನೊಮ್ಮೆ ಮಾಡ್ರಿ ಅಂದ್ರು. ಆಯಿನ್ನ ಹೊರಗ ಕುಂದ್ರಸಿ, ಮಾರಿ ಗ್ವಾಡಿ ಕಡೆ ತಿರಗಿಸಿ, ಚಾವಿ ಗೊಂಚಲ ಸಾಹೇಬ್ರ ಕಿಸೆದಾಗ ಇಟ್ಟು ಆಮ್ಯಾಗ ಮಾಡಿದ್ವಿ.

ಈ ಸಲ ಫೋಟೋ ಸ್ವಚ್ಛ ಬಂತು. ಸಾಹೇಬ್ರು ಹಳೇದು, ಹೊಸದು ಬಾಜೂ ಬಾಜೂ ಇಟ್ಟು ಅಳದ್ರು. ದವಡಿಯನ್ನ ಉಳ್ಳಾಗಡ್ಡಿ ಹೆಚ್ಚಿದಂಗ ಪದರ ಪದರ ಮಾಡಿ ಒಂದೊಂದ ಬೇರು ನೋಡಿದ್ರು. ಹುಡುಗಿ ಆಯಿ ಕೈ ಹಿಡಕೊಂಡು ನಿಂತಿತ್ತು. ಖೋಲ್ಯಾಗ ಖರೇನ ಯಾರೂ ಅಲ್ಲಾಡದ ಹದಿನೈದು ಸೆಕೆಂಡ್ ಅಂದ್ರ ಅವ.

"ಹಲ್ಲು ಒಂದೀಟು ವಾಲ್ಯಾವ," ಅಂದ್ರು ಸಾಹೇಬ್ರು. ಆಯಿ ಕಣ್ಣ ಮುಚ್ಚಿದ್ಲು. "ಆದ್ರ ಬೇರು ಎಲ್ಲಾ ಎಲಬಿನಾಗ ಅವ. ಜಾಗಾ ಆಗ್ಯದ. ಯಾವ ಹಲ್ಲೂ ಕೀಳೂದು ಬ್ಯಾಡ."

ಹುಡುಗಿ ನಕ್ಕಿತು. ರೂಢಿಲೆ ಕೈ ಬಾಯಿಗೆ ಹೊಂಟಿತ್ತು. ಆಯಿ ಅದನ್ನ ನಡು ದಾರ್ಯಾಗ ಹಿಡದು ಕೆಳಗ ಇಳಿಸಿದ್ಲು. "ಸಾಕು" ಅಂದ್ಲು. ನಾ ಗಾಜು ಒರಸೂವರಂಗ ಆ ಕಡೆ ಮಾರಿ ತಿರುವಿ ಅತ್ತೆ.

ಹೋಗೂಮುಂದ ಆಯಿ ನನ್ನ ಹತ್ರ ಬಂದು, "ತಂಗಿ, ಒಂದು ಫೋಟೋ ದೊಡ್ಡದು ಮಾಡಿ ಕೊಡು" ಅಂದ್ಲು. ನಾ ಸ್ವಚ್ಛ ಬಂದಿದ್ದು ತಗದೆ. ಆಯಿ ತಲಿ ಅಲ್ಲಾಡಿಸಿ, ಕೆಟ್ಟ ಹೋದದ್ದಕ್ಕ ಬಟ್ಟು ಮಾಡಿದ್ಲು.

"ಅದು ಅಲ್ಲಾಡಿ ಹೋಗ್ಯದಲ್ಲ ಆಯಿ, ಏನ ಮಾಡ್ತೀರಿ?"

"ನಮ್ಮ ಪಡಸಾಲ್ಯಾಗ ಹಿರ್ಯಾರ ಫೋಟೋ ಸಾಲ ಅದ. ನನ್ನ ಗಂಡ, ಮಾವ, ಅತ್ತಿ. ಒಬ್ಬರೂ ನಕ್ಕಿಲ್ಲ. ಇದು ನಗಾಕತ್ತದ, ಇದನ್ನ ನಡುವ ಹಾಕ್ತೀನಿ."

ನಾ ಮತ್ತ ಎಲ್ಲೋ ತೇಲಿದ್ದೆ. ಕಣ್ಣ ಒರಸಿಕೋಂತ ದೊಡ್ಡದು ಮಾಡಿ, ಸುತ್ತಿ ಕೊಟ್ಟು ಕಳಿಸಿದೆ. ನಾಕು ದಿನಕ್ಕ ಎಚ್ಚರಾತು, ಹಿರ್ಯಾರ ಸಾಲಿನಾಗ ಇದನ್ನೂ ಹಾಕಿದ್ರ ಮಂದಿ ಏನ ತಿಳಕೋತಾರ ಅಂತ. ಗಾಬರಿಲೆ ಫೋನ್ ಹಚ್ಚಿದೆ. "ಆಯೀ, ಫೋಟೋಕ್ಕ ಮಾಲಿ-ಗೀಲಿ ಹಾಕಬ್ಯಾಡ್ರಿ ಮತ್ತ!"

ಆ ಕಡೆಯಿಂದ ಆಯಿ ಬಾಯಿ ತುಂಬ ಎಲಿ-ಅಡಕಿ ಜಗಕೋಂತ ಅಂದ್ಲು: "ಮಾಲಿ ಹಾಕಿಲ್ಲ ತಗೋ. ಆದ್ರ ಬಂದವರೆಲ್ಲಾ ಅದರ ಮುಂದ ಕೈ ಮುಗದು ಒಂದ ಮಾತು ಕೇಳಾಕತ್ತಾರ ನೋಡು, ಈ ಹಿರಿಜೀವ ಯಾರು, ಇಷ್ಟ ಖುಷಿಲೆ ತೀರಿಕೊಂಡದ್ದು, ಅಂತ. ಅವರ ಹಿಂದ ನಿಂತು ಆ ಹಿರಿಜೀವ ಕೈ ಅಡ್ಡ ಹಿಡೀಲಾರದ ನಗ್ತದ."